ಬಣ್ಣದ ಕಲ್ಲನ್ನು ಸ್ಲ್ಯಾಬ್ ಆಗಿ ಕೊಯ್ಯುವುದು, ಬಿರುಕು ಪತ್ತೆ ಮಾಡುವುದು: ಸಮಗ್ರ ಮಾರ್ಗದರ್ಶಿ

ಕೊಯ್ದಾಗ ಚೆನ್ನಾಗೇ ಇತ್ತು, ಸಾಣೆಗೆ ಹಿಡಿದ ಕೂಡಲೇ ಎರಡು ಹೋಳಾಯಿತು. ಹರಳು ಕೆಲಸ ಕಲಿಯುವವರಿಂದ ನಾನು ಅತಿ ಹೆಚ್ಚು ಕೇಳಿದ ದೂರು ಇದೇ. ಬಹಳ ಸಲ ತಪ್ಪು ಸಾಣೆಯದ್ದಲ್ಲ. ಬಿರುಕು ಮೊದಲಿಂದಲೂ ಕಲ್ಲಿನೊಳಗೇ ಇರುತ್ತದೆ, ನೋಡಬೇಕಾದ ಹೊತ್ತಿನಲ್ಲಿ ಯಾರೂ ನೋಡಿರುವುದಿಲ್ಲ. ಕೆಲವು ಸಲ ಬಿರುಕು ಹುಟ್ಟಿಸಿದವರು ನಾವೇ. ಸುತ್ತಿಗೆಯಿಂದ ಹೊಡೆದಿರುತ್ತೇವೆ, ಇಲ್ಲ ಕಲ್ಲನ್ನು ಸಡಿಲವಾಗಿ ಕಟ್ಟಿ ಬ್ಲೇಡಿಗೆ ಒತ್ತಿರುತ್ತೇವೆ.

ಅದಕ್ಕೇ ಇಲ್ಲಿ ಕೊಯ್ಯುವ ಪಾಠ ಒಂದು, ಬಿರುಕಿನ ಪಾಠ ಇನ್ನೊಂದು ಅಂತ ಮಾಡಿಲ್ಲ. ಕಲ್ಲನ್ನು ಮೂರು ಸಲ ಪರೀಕ್ಷೆ ಮಾಡಬೇಕು. ಗರಗಸಕ್ಕೆ ಕಟ್ಟುವ ಮುಂಚೆ ಒಮ್ಮೆ, ಮೊದಲ ಸ್ಲ್ಯಾಬ್, ಅಂದರೆ ಚಪ್ಪಟೆ ಹೋಳು, ಬಂದ ಮೇಲೆ ಒಮ್ಮೆ, ಹರಳಿನ ಗೆರೆ ಎಳೆಯುವ ಮುಂಚೆ ಇನ್ನೊಮ್ಮೆ. ಈ ಕ್ರಮ ತಪ್ಪಿಸಬೇಡಿ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಗರಗಸ ಎರಡು ಬೇಕು. ಉಂಡೆ ಕಲ್ಲನ್ನು ಸ್ಲ್ಯಾಬ್ ಮಾಡುವುದಕ್ಕೆ ಸ್ಲ್ಯಾಬ್ ಗರಗಸ. ಇದರ ಬ್ಲೇಡ್ ಸಾಮಾನ್ಯವಾಗಿ 10 ಇಂಚಿನಿಂದ ಮೇಲೆ ಇರುತ್ತದೆ. ಸ್ಲ್ಯಾಬನ್ನು ಸಣ್ಣ ತುಂಡು ಮಾಡುವುದಕ್ಕೆ ಟ್ರಿಮ್ ಗರಗಸ. ಇದಕ್ಕೆ 4ರಿಂದ 8 ಇಂಚಿನ ತೆಳು ಬ್ಲೇಡ್ ಸಾಕು. ಬ್ಲೇಡಿನ ವ್ಯಾಸದ ಮೂರನೇ ಒಂದು ಪಾಲಿಗಿಂತ ದಪ್ಪದ ಕಲ್ಲನ್ನು ಅದಕ್ಕೆ ಕೊಡಬೇಡಿ. 10 ಇಂಚಿನ ಬ್ಲೇಡಿಗೆ ಸುಮಾರು 3 ಇಂಚಿನ ಕಲ್ಲು.

ಡೈಮಂಡ್ ಬ್ಲೇಡಿಗೆ ಮರದ ಗರಗಸದ ಹಾಗೆ ಹಲ್ಲು ಇರುವುದಿಲ್ಲ. ಅಂಚಿನಲ್ಲಿ ವಜ್ರದ ಪುಡಿ ಕೂತಿರುತ್ತದೆ. ಅದು ಕಲ್ಲನ್ನು ಕತ್ತರಿಸುವುದಿಲ್ಲ, ತೇಯುತ್ತದೆ. ಇದು ತಲೆಯಲ್ಲಿದ್ದರೆ ಅರ್ಧ ತಪ್ಪುಗಳು ತಾವಾಗೇ ನಿಲ್ಲುತ್ತವೆ. ತೇಯುವ ಕೆಲಸಕ್ಕೆ ತಾಳ್ಮೆ ಬೇಕು, ಬಲ ಬೇಡ. ಕಾಂಕ್ರೀಟ್ ಕೊಯ್ಯಲು ಬಳಸುವ, ಅಂಚಿನಲ್ಲಿ ಅಲ್ಲಲ್ಲಿ ಕಚ್ಚು ಬಿಟ್ಟ ದಪ್ಪ ಬ್ಲೇಡ್ ಹರಳು ಕಲ್ಲಿಗೆ ಆಗಿಬರುವುದಿಲ್ಲ. ಅಂಚೆಲ್ಲ ಚಕ್ಕೆ ಏಳುತ್ತದೆ.

ಬ್ಲೇಡನ್ನು ತಂಪಾಗಿಡಲು ಸ್ಲ್ಯಾಬ್ ಗರಗಸಕ್ಕೆ ಮಿನರಲ್ ಆಯಿಲ್ ಬಳಸುತ್ತಾರೆ. ಟ್ರಿಮ್ ಗರಗಸಕ್ಕೆ ತುಕ್ಕು ತಡೆಯುವ ದ್ರವ ಬೆರೆಸಿದ ನೀರು ನಡೆಯುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕಲೇಬೇಡಿ. ಹೊಗೆಯೂ ಕೆಟ್ಟದ್ದು, ಬೆಂಕಿಯ ಭಯವೂ ಇದೆ. ಟರ್ಕಾಯ್ಸ್, ಹೌಲೈಟ್, ಕ್ರಿಸೊಕೊಲಾದಂಥ ಹೀರುವ ಕಲ್ಲುಗಳಿಗೆ ಎಣ್ಣೆ ಬೇಡ. ಎಣ್ಣೆ ಒಳಗೆ ಇಳಿದು ಬಣ್ಣ ಕೆಡುತ್ತದೆ, ಆಮೇಲೆ ತೆಗೆಯುವುದು ಬಹಳ ಕಷ್ಟ. ಇವನ್ನು ನೀರಿನಲ್ಲೇ ಕೊಯ್ಯಿರಿ. ಕೆಲಸ ಮುಗಿದ ಮೇಲೆ ನೀರಿನ ತೊಟ್ಟಿ ಖಾಲಿ ಮಾಡಿ ಬ್ಲೇಡ್ ಒರೆಸಿ.

ಉಳಿದಂತೆ ಒಂದು ಟಾರ್ಚ್, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ, ಗಟ್ಟಿ ಬ್ರಷ್, ಮೇಣದ ಬಳಪ, ಮರದ ಬೆಣೆಗಳು, ಐಸೊಪ್ರೊಪೈಲ್ ಆಲ್ಕೋಹಾಲ್, ತುದಿ ಚೂಪು ಮಾಡಿದ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಕಡ್ಡಿ.

ಧೂಳಿನ ವಿಷಯ

ಇದನ್ನು ಓದದೆ ಮುಂದೆ ಹೋಗಬೇಡಿ. ಅಗೇಟ್, ಜಾಸ್ಪರ್, ಸ್ಫಟಿಕ ಎಲ್ಲವೂ ಸಿಲಿಕಾ. ಅದರ ನುಣ್ಣನೆ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಅದು ವಾಸಿಯಾಗುವ ಕಾಯಿಲೆಯಲ್ಲ. ಒಣ ಕಲ್ಲಿಗೆ ಗ್ರೈಂಡರ್ ಹಿಡಿಯುವುದನ್ನು ಇವತ್ತೇ ಬಿಡಿ. ಯಾವಾಗಲೂ ಒದ್ದೆಯಲ್ಲೇ ಕೊಯ್ಯಿರಿ, ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಹಾಕಿ. ಬಟ್ಟೆಯ ಮಾಸ್ಕ್ ಸಾಲದು. ಕಣ್ಣಿಗೆ ಕನ್ನಡಕವೂ ಇರಲಿ.

ಮೇಜಿನ ಮೇಲೆ ಚೆಲ್ಲಿದ ಕೆಸರು ಒಣಗಿದರೆ ಅದೇ ಮತ್ತೆ ಧೂಳು. ಹಸಿ ಇದ್ದಾಗಲೇ ಒರೆಸಿಬಿಡಿ, ಗುಡಿಸಬೇಡಿ. ಆ ಕೆಸರನ್ನು ಸಿಂಕಿಗೆ ಸುರಿಯಲೂ ಬಾರದು. ಪೈಪಿನೊಳಗೆ ಕೂತು ಗಟ್ಟಿಯಾಗುತ್ತದೆ.

ಮ್ಯಾಲಕೈಟ್‌ನಲ್ಲಿ ತಾಮ್ರ ಇದೆ, ಸಿನ್ನಬಾರ್‌ನಲ್ಲಿ ಪಾದರಸ ಇದೆ, ನಾರುನಾರಾದ ಸರ್ಪೆಂಟೈನ್‌ನಲ್ಲಿ ಕಲ್ನಾರು ಇರಬಹುದು. ಹೊಸಬರು ಈ ಮೂರನ್ನೂ ಸದ್ಯಕ್ಕೆ ದೂರ ಇಡುವುದೇ ಒಳ್ಳೆಯದು. ನೀರಿನ ಗರಗಸಕ್ಕೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಇರಲೇಬೇಕು. ಅಂಗಿಯ ತೋಳು ಮಡಚಿ, ಕೂದಲು ಕಟ್ಟಿ, ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಹಾಕಬೇಡಿ.

1. ಉಂಡೆ ಕಲ್ಲನ್ನು ತೊಳೆದು ನೋಡಿ

ಮಣ್ಣು, ಪಾಚಿ ಹೋಗುವ ತನಕ ಬ್ರಷ್ ಹಾಕಿ ಉಜ್ಜಿ. ಆಮೇಲೆ ಕಲ್ಲನ್ನು ಬಕೆಟ್ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ. ತೆಗೆದು, ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ಇಟ್ಟು ಎದುರಿಗೇ ಕೂತುಕೊಳ್ಳಿ.

ಮೊದಲು ಇಡೀ ಕಲ್ಲು ಒದ್ದೆಯಾಗಿ ಗಾಢವಾಗಿ ಕಾಣುತ್ತದೆ. ಕೆಲವು ನಿಮಿಷದಲ್ಲಿ ಉಬ್ಬಿದ ಜಾಗಗಳು ಬಿಳಿಚಿಕೊಳ್ಳುತ್ತವೆ, ಆಮೇಲೆ ತಗ್ಗುಗಳು. ಎಲ್ಲ ಒಣಗಿದ ಮೇಲೂ ಅಲ್ಲಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಉಳಿದಿರುತ್ತದೆ. ಅದೇ ಬಿರುಕು. ಒಳಗೆ ಹೋದ ನೀರು ನಿಧಾನಕ್ಕೆ ಹೊರಗೆ ಬರುವುದರಿಂದ ಆ ಗೆರೆ ಕೊನೆಗೆ ಒಣಗುತ್ತದೆ. ಒಣಗುವ ಮುಂಚೆಯೇ ಅದರ ಮೇಲೆ ಮೇಣದ ಬಳಪದಿಂದ ಗೀಟು ಹಾಕಿ. ಕಲ್ಲನ್ನು ತಿರುಗಿಸುತ್ತಾ ಗೆರೆ ಹಿಂಬದಿಗೂ ಹೋಗಿದೆಯಾ ನೋಡಿ. ಸುತ್ತು ಹಾಕಿ ಬಂದ ಗೆರೆ ಅಂದರೆ ಬಿರುಕು ಕಲ್ಲನ್ನು ಪೂರ್ತಿ ದಾಟಿದೆ ಅಂತ ಅರ್ಥ.

ಹೊಳೆ ಕಲ್ಲುಗಳ ಮೈಮೇಲೆ ಸಣ್ಣ ಸಣ್ಣ ಚಂದ್ರನ ಆಕಾರದ ಗುರುತು ಇರುತ್ತವೆ. ಕಲ್ಲಿಗೆ ಕಲ್ಲು ತಾಗಿ ಆದ ಪೆಟ್ಟು ಅವು. ಸಾಮಾನ್ಯವಾಗಿ ಮೇಲ್ಮೈಯಲ್ಲೇ ನಿಲ್ಲುತ್ತವೆ, ಹೆದರಬೇಕಿಲ್ಲ. ಸಿಡಿಮದ್ದು ಇಟ್ಟು ತೆಗೆದ ಕಲ್ಲು ಹಾಗಲ್ಲ. ಹೊರಗೆ ಏನೂ ಕಾಣದಿದ್ದರೂ ಒಳಗೆ ಬಿರುಕಿನ ಬಲೆ ಇರಬಹುದು. ಅದೇ ಕಾರಣಕ್ಕೆ, ಕಲ್ಲು ದೊಡ್ಡದಾಯಿತು ಅಂತ ಸುಮ್ನೆ ಸುತ್ತಿಗೆ ಎತ್ತಬೇಡಿ. ಒಂದೇಟಿಗೆ ಎರಡು ತುಂಡಾದ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಹತ್ತು ಬಿರುಕು ಹುಟ್ಟಿರುತ್ತವೆ.

ಸಣ್ಣ ಕಲ್ಲಾದರೆ ಇನ್ನೊಂದು ಕಲ್ಲಿನಿಂದ ಮೆಲ್ಲಗೆ ತಟ್ಟಿ ಕೇಳಿ. ಮಡಕೆ ತಟ್ಟಿ ನೋಡಿದ ಹಾಗೆ. ಠಣ್ ಅಂದರೆ ಒಳ್ಳೆಯ ಸೂಚನೆ, ದಬ್ ಅಂದರೆ ಅನುಮಾನ ಇಟ್ಟುಕೊಳ್ಳಿ.

2. ಯಾವ ದಿಕ್ಕಿನಲ್ಲಿ ಕೊಯ್ಯಬೇಕು?

ಇಡೀ ಕೆಲಸದಲ್ಲಿ ನಿಜವಾದ ಯೋಚನೆ ಬೇಕಾಗುವುದು ಇಲ್ಲೇ. ಕಲ್ಲಿನ ಚಿತ್ತಾರ ಒಂದು ದಿಕ್ಕು ಕೇಳುತ್ತದೆ, ಬಿರುಕು ಇನ್ನೊಂದು ದಿಕ್ಕು ಕೇಳುತ್ತದೆ.

ಚಿತ್ತಾರದ ಲೆಕ್ಕ ಸುಲಭ. ಪಟ್ಟೆ ಇರುವ ಅಗೇಟನ್ನು ಪಟ್ಟೆಗೆ ಅಡ್ಡಲಾಗಿ ಕೊಯ್ದರೆ ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಟೈಗರ್ ಐ ಕಲ್ಲನ್ನು ಎಳೆಗಳು ಓಡುವ ದಿಕ್ಕಿಗೆ ಸಮವಾಗಿ ಕೊಯ್ಯಬೇಕು, ಎಳೆಗಳಿಗೆ ಅಡ್ಡ ಕೊಯ್ದರೆ ಆ ಬೆಳಕಿನ ಓಟವೇ ಹೋಗುತ್ತದೆ. ಕಲ್ಲಾದ ಮರವನ್ನು ಅಡ್ಡ ಕೊಯ್ದರೆ ಉಂಗುರ ಕಾಣುತ್ತದೆ, ಉದ್ದಕ್ಕೆ ಕೊಯ್ದರೆ ನಾರು.

ಬಿರುಕಿನ ಲೆಕ್ಕಕ್ಕೆ ನೀವು ಹಾಕಿದ ಬಳಪದ ಗೀಟುಗಳನ್ನು ನೋಡಿ. ಬಿರುಕುಗಳು ಹೆಚ್ಚಾಗಿ ಪುಸ್ತಕದ ಹಾಳೆಗಳ ಹಾಗೆ ಒಂದೇ ದಿಕ್ಕಿನಲ್ಲಿ ಸಾಲಾಗಿರುತ್ತವೆ. ಆ ಹಾಳೆಗಳ ನಡುವೆ ಎಷ್ಟು ಅಂತರ ಇದೆ ಅಳೆಯಿರಿ.

ಅಂತರ 30 ಮಿ.ಮೀ. ಇದೆ ಅಂದುಕೊಳ್ಳಿ. ಸ್ಲ್ಯಾಬ್ 6 ಮಿ.ಮೀ., ಬ್ಲೇಡ್ ತಿನ್ನುವುದು ಒಂದೂವರೆ ಮಿ.ಮೀ. ಅಂತಿಟ್ಟುಕೊಂಡರೆ ಬಿರುಕಿಗೆ ಸಮವಾಗಿ ಕೊಯ್ದು ನಡುವಿನಿಂದ ಮೂರು ಶುದ್ಧ ಸ್ಲ್ಯಾಬ್ ತೆಗೆಯಬಹುದು. ಬಿರುಕು ಕೂತ ಒಂದು ಸ್ಲ್ಯಾಬ್ ಮಾತ್ರ ಹಾಳು. ಅಂತರ 10 ಮಿ.ಮೀ.ಗಿಂತ ಕಡಿಮೆ ಇದ್ದರೆ ಈ ದಾರಿ ಬೇಡ. ಬಿರುಕಿಗೆ ನೇರ ಅಡ್ಡಲಾಗಿ, 90 ಡಿಗ್ರಿಯಲ್ಲಿ ಕೊಯ್ಯಿರಿ. ಸ್ಲ್ಯಾಬ್ ಪಟ್ಟಿ ಪಟ್ಟಿಯಾಗಿ ಬಿಡಬಹುದು, ಆದರೆ ಪ್ರತಿ ಪಟ್ಟಿಯೂ ಗಟ್ಟಿಯಾಗಿರುತ್ತದೆ. ಉದ್ದನೆಯ ಸಣ್ಣ ಹರಳಿಗೆ ಅಷ್ಟು ಸಾಕು.

ಎಲ್ಲಕ್ಕಿಂತ ಕೆಟ್ಟದ್ದು ಓರೆ. ಬಿರುಕು ಸ್ಲ್ಯಾಬಿನ ಮುಖಕ್ಕೆ ಬರೀ 20 ಡಿಗ್ರಿಯಲ್ಲಿ ಹಾದುಹೋದರೆ 6 ಮಿ.ಮೀ. ದಪ್ಪ ದಾಟುವಷ್ಟರಲ್ಲಿ ಅದು ಸುಮಾರು 16 ಮಿ.ಮೀ. ಅಗಲದ ಜಾಗದ ಕೆಳಗೆ ಹರಡಿರುತ್ತದೆ. ಮೇಲಿಂದ ನೋಡಿದರೆ ಒಂದು ತೆಳು ಗೆರೆ ಅಷ್ಟೇ. ಸಾಣೆಗೆ ಹಿಡಿದಾಗ ಅಂಚು ತೆಳ್ಳಗಾಗುತ್ತಾ ಬಂದು ಚಿಪ್ಪಿನ ಹಾಗೆ ಹಾರಿಹೋಗುತ್ತದೆ. ಸ್ಲ್ಯಾಬ್ ಮುರಿದವರ ತುಂಡು ತಿರುಗಿಸಿ ನೋಡಿದಾಗೆಲ್ಲ ನನಗೆ ಹೆಚ್ಚಾಗಿ ಕಂಡದ್ದು ಈ ಓರೆ ಬಿರುಕೇ.

ಚಿತ್ತಾರ ಒಂದು ಕಡೆ, ಬಿರುಕು ಒಂದು ಕಡೆ ಎಳೆದರೆ ನಾನು ಬಿರುಕಿನ ಮಾತು ಕೇಳುತ್ತೇನೆ. ಸ್ವಲ್ಪ ಕಡಿಮೆ ಚೆಂದದ ಗಟ್ಟಿ ಹರಳು ಉಂಗುರಕ್ಕೆ ಏರುತ್ತದೆ. ಮುರಿದದ್ದು ಎಲ್ಲಿಗೂ ಏರುವುದಿಲ್ಲ.

ಮೂನ್‌ಸ್ಟೋನ್, ಲ್ಯಾಬ್ರಡೊರೈಟ್, ಫ್ಲೋರೈಟ್ ಇವುಗಳ ಕತೆ ಬೇರೆ. ಇವು ಹುಟ್ಟಿನಿಂದಲೇ ಕೆಲವು ದಿಕ್ಕಿನಲ್ಲಿ ಪದರವಾಗಿ ಸೀಳುವ ಕಲ್ಲುಗಳು. ಮೊದಲ ಎರಡಕ್ಕೆ ಅಂಥ ದಿಕ್ಕು ಎರಡು, ಹೆಚ್ಚುಕಡಿಮೆ ಒಂದಕ್ಕೊಂದು ಲಂಬವಾಗಿ. ಫ್ಲೋರೈಟ್‌ಗೆ ನಾಲ್ಕು. ಬಿರುಕು ಕಾಣದಿದ್ದರೂ ಪೆಟ್ಟು ಬಿದ್ದರೆ ಆ ದಿಕ್ಕಿಗೇ ಬಿಡುತ್ತವೆ. ಇವನ್ನು 7ರಿಂದ 8 ಮಿ.ಮೀ. ದಪ್ಪ ಇಟ್ಟುಕೊಳ್ಳಿ.

3. ವೈಸಿಗೆ ಕಟ್ಟುವುದು

ಕಲ್ಲಿನ ಎರಡೂ ಬದಿಗೆ ಮರದ ತುಂಡು ಕೊಟ್ಟು ವೈಸ್, ಅಂದರೆ ಗರಗಸದಲ್ಲಿ ಕಲ್ಲನ್ನು ಕಚ್ಚಿ ಹಿಡಿಯುವ ಇಕ್ಕಳ, ಬಿಗಿ ಮಾಡಿ. ಕಬ್ಬಿಣಕ್ಕೆ ಕಲ್ಲು ನೇರ ತಾಗಿದರೆ ಜಾರುತ್ತದೆ. ಸಂದುಗಳಿಗೆ ಬೆಣೆ ಹಾಕಿ. ಆಮೇಲೆ ಕಲ್ಲನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಒಂದು ಚೂರೂ ಅಲುಗಬಾರದು. ಅಲುಗಿತು ಅಂದರೆ ಬಿಚ್ಚಿ ಮತ್ತೆ ಕಟ್ಟಿ. 'ಪರವಾಗಿಲ್ಲ, ನಡೆಯುತ್ತೆ' ಅಂದುಕೊಂಡಾಗಲೇ ಬ್ಲೇಡ್ ಹಾಳಾಗುವುದು.

ವೈಸಿನ ಒತ್ತಡ ಬಿರುಕನ್ನು ಮುಚ್ಚುವ ಹಾಗಿರಬೇಕು, ತೆರೆಯುವ ಹಾಗಲ್ಲ. ಎರಡು ಅಂಗೈ ನಡುವೆ ಪುಸ್ತಕ ಒತ್ತಿ ಹಿಡಿದ ಹಾಗೆ ಅಂದುಕೊಳ್ಳಿ.

ಸೊಟ್ಟಂಬಟ್ಟ ಕಲ್ಲನ್ನು ಮರದ ಹಲಗೆಗೆ ಅಂಟಿಸಿ ಹಲಗೆಯನ್ನು ವೈಸಿಗೆ ಕಟ್ಟಬಹುದು. ಇಲ್ಲವಾದರೆ ಡಬ್ಬದಲ್ಲಿ ಕಲ್ಲಿಟ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಪೂರ್ತಿ ಗಟ್ಟಿಯಾದ ಮೇಲೆ ಆ ಗಟ್ಟಿಯನ್ನೇ ಹಿಡಿಸಿ. ನೀರಿನಲ್ಲಿ ಕರಗುವ ಬಿಳಿ ಅಂಟು ಎಣ್ಣೆ ಗರಗಸಕ್ಕೆ ಸರಿ, ನೀರಿನ ಗರಗಸಕ್ಕೆ ಆಗುವುದಿಲ್ಲ.

ಬ್ಲೇಡ್ ಮೊದಲು ತಾಗುವ ಜಾಗ ಬ್ಲೇಡಿಗೆ ನೇರ ಎದುರಾಗಿ ಇರಲಿ. ಇಳಿಜಾರಿಗೆ ತಾಗಿದರೆ ಬ್ಲೇಡ್ ಪಕ್ಕಕ್ಕೆ ಜಾರಿ ಬಾಗುತ್ತದೆ. ಸ್ವಿಚ್ ಹಾಕುವ ಮುಂಚೆ ಕಲ್ಲಿಗೂ ಬ್ಲೇಡಿಗೂ ನಡುವೆ ಜಾಗ ಇದೆಯಾ ನೋಡಿ.

4. ಮೊದಲ ಕೊಯ್ತ

ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಕಲ್ಲನ್ನು ನಿಧಾನಕ್ಕೆ ತಾಗಿಸಿ. ಒಂದು ಕಚ್ಚು ಬೀಳುವ ತನಕ ಅವಸರ ಬೇಡ. ಕಚ್ಚು ಬಿದ್ದ ಮೇಲೆ ಬ್ಲೇಡ್ ತಾನೇ ದಾರಿ ಹಿಡಿಯುತ್ತದೆ. ಮೊದಲು ಬರುವುದು ಹೊರಸಿಪ್ಪೆ. ಅದಾದ ಮೇಲಿನದ್ದೇ ನಿಜವಾದ ಸ್ಲ್ಯಾಬ್. ಉಬ್ಬು ಹರಳಿಗೆ, ಅಂದರೆ ಕ್ಯಾಬೊಶಾನ್‌ಗೆ, 5ರಿಂದ 6 ಮಿ.ಮೀ. ದಪ್ಪ ಸರಿ. ತೆಳ್ಳಗೆ ಕೊಯ್ದರೆ ಕಲ್ಲು ಉಳಿಯುತ್ತದೆ ಅನ್ನುವ ಆಸೆ ಬೇಡ. 3 ಮಿ.ಮೀ. ಸ್ಲ್ಯಾಬಿನಲ್ಲಿ ಉಬ್ಬು ತೆಗೆಯಲು ಜಾಗವೇ ಇರುವುದಿಲ್ಲ.

ಕೆಲಸ ನಡೆಯುವಾಗ ಕಿವಿ ಕೊಟ್ಟಿರಿ. ಒಂದೇ ಸಮನೆ ಸದ್ದು ಬರುತ್ತಿದ್ದರೆ ಸರಿ. ಸದ್ದು ಏರುತ್ತಾ ಕೀರಲಾದರೆ ಒತ್ತಡ ಜಾಸ್ತಿ, ಇಲ್ಲ ಬ್ಲೇಡ್ ಬಾಗುತ್ತಿದೆ. ಕಟಕಟ ಅಂದರೆ ಕಲ್ಲು ಅಲುಗುತ್ತಿದೆ ಅಥವಾ ಬಿರುಕಿನ ತುಂಡು ಬಿಟ್ಟುಕೊಂಡಿದೆ. ಮೋಟಾರ್ ಸೊರಗಿದರೆ ಬ್ಲೇಡ್ ಸಿಕ್ಕಿಕೊಂಡಿದೆ. ಕೊನೆಯ ಮೂರರಲ್ಲಿ ಯಾವುದಾದರೂ ಸರಿ, ಮೊದಲು ಸ್ವಿಚ್ ಆಫ್ ಮಾಡಿ. ಬ್ಲೇಡ್ ಪೂರ್ತಿ ನಿಂತ ಮೇಲೇ ಮುಚ್ಚಳ ತೆಗೆಯಿರಿ.

ಕಟಕಟ ಸದ್ದನ್ನು ನಾನು ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಂಪು ಜಾಸ್ಪರ್, ಇನ್ನೇನು ಎರಡು ಇಂಚು ಬಾಕಿ ಇತ್ತು. ಬಿರುಕಿನಿಂದ ಬಿಟ್ಟ ಉಗುರಿನಷ್ಟು ಚಕ್ಕೆ ಸ್ಲ್ಯಾಬಿಗೂ ಬ್ಲೇಡಿಗೂ ನಡುವೆ ಸಿಕ್ಕಿಕೊಂಡಿತು. ಬ್ಲೇಡ್ ತಟ್ಟೆಯ ಹಾಗೆ ಬಾಗಿತು, ಆಮೇಲೆ ನೇರ ಕೊಯ್ಯಲೇ ಇಲ್ಲ. ಅವತ್ತಿಂದ ಆ ಸದ್ದು ಕೇಳಿದರೆ ಕೈ ತಾನೇ ಸ್ವಿಚ್ಚಿಗೆ ಹೋಗುತ್ತದೆ.

ಮೊದಲಿಗಿಂತ ಹೊತ್ತು ಜಾಸ್ತಿ ಹಿಡಿಯುತ್ತಿದೆ, ಕಿಡಿ ಬರುತ್ತಿದೆ ಅಂದರೆ ಮೊದಲು ಎಣ್ಣೆಯ ಮಟ್ಟ ನೋಡಿ. ಅದು ಸರಿ ಇದ್ದರೆ ಬ್ಲೇಡ್ ಮೊಂಡಾಗಿದೆ. ವಜ್ರದ ಪುಡಿಯ ಮೇಲೆ ಲೋಹ ಸವರಿಕೊಂಡಿರುತ್ತದೆ. ಮೆತ್ತನೆ ಇಟ್ಟಿಗೆ ಅಥವಾ ಡ್ರೆಸ್ಸಿಂಗ್ ಸ್ಟಿಕ್ಕನ್ನು ನಾಲ್ಕಾರು ಸಲ ಕೊಯ್ದರೆ ವಜ್ರ ಮತ್ತೆ ಮೇಲೆ ಬರುತ್ತದೆ.

ಕೊನೆಯ ಒಂದು ಸೆಂಟಿಮೀಟರ್ ಇನ್ನೂ ನಿಧಾನ. ಸ್ಲ್ಯಾಬ್ ತನ್ನ ಭಾರಕ್ಕೆ ಮುರಿದು ಬಿದ್ದರೆ ಕಲ್ಲಿನ ಮುಖದಲ್ಲಿ ಸಣ್ಣ ಮೊಳೆಯಂಥ ಗುಬಟು ಉಳಿಯುತ್ತದೆ. ಮುಂದಿನ ಸ್ಲ್ಯಾಬಿಗೆ ಮೊದಲು ಅದನ್ನು ಸಾಣೆ ಹಿಡಿದು ಸಮ ಮಾಡಿ.

ಇಲ್ಲೇ ನಿಲ್ಲಿ. ಒಂದೇ ಉಸಿರಿಗೆ ಇಡೀ ಕಲ್ಲು ಕೊಯ್ದು ಮುಗಿಸಬೇಡಿ. ಮೊದಲ ಸ್ಲ್ಯಾಬನ್ನು 5 ಮತ್ತು 6ನೇ ಹಂತದ ಪರೀಕ್ಷೆಗೆ ಹಾಕಿ. ದಿಕ್ಕು ತಪ್ಪಿದೆ ಅಂತ ಗೊತ್ತಾದರೆ ಕಲ್ಲು ತಿರುಗಿಸಿ ಕಟ್ಟಲು ಇನ್ನೂ ಅವಕಾಶ ಇರುತ್ತದೆ.

5. ಎಣ್ಣೆ ತೆಗೆಯುವುದು

ಎಣ್ಣೆ ಬಿರುಕನ್ನು ಮುಚ್ಚಿಡುತ್ತದೆ. ಗರಗಸದಿಂದ ಆಗಷ್ಟೇ ತೆಗೆದ ಸ್ಲ್ಯಾಬ್ ಮಿರಮಿರ ಮಿಂಚುತ್ತಾ ಒಂದೂ ಗೆರೆ ಇಲ್ಲದ ಹಾಗೆ ಕಾಣುತ್ತದೆ. ನಂಬಬೇಡಿ. ಒಣ ಮರದ ಪುಡಿಯಲ್ಲಿ ಒಂದು ರಾತ್ರಿ ಹೂತಿಡಿ, ಆಮೇಲೆ ಪಾತ್ರೆ ತೊಳೆಯುವ ದ್ರವ ಹಾಕಿ ಬೆಚ್ಚನೆ ನೀರಲ್ಲಿ ಬ್ರಷ್‌ನಿಂದ ಉಜ್ಜಿ. ಬಿಸಿ ಕಲ್ಲನ್ನು ತಣ್ಣೀರಿಗೆ ಹಾಕಬೇಡಿ, ಹೊಸ ಬಿರುಕು ಬರುತ್ತದೆ. ತೊಳೆದು ಒಂದು ದಿನ ಒಣಗಲು ಬಿಡಿ. ಮಾರನೆಯ ದಿನ ಗೆರೆಯಲ್ಲಿ ಎಣ್ಣೆ ಜಿನುಗಿದ್ದರೆ ಬಿರುಕು ತಾನೇ ತನ್ನನ್ನು ತೋರಿಸಿಕೊಟ್ಟ ಹಾಗಾಯಿತು.

6. ಸ್ಲ್ಯಾಬಿನ ಬಿರುಕು ಪರೀಕ್ಷೆ

ಸ್ಲ್ಯಾಬಿನಲ್ಲಿ ಗೆರೆ ಕಂಡ ಕೂಡಲೇ ಬಿಸಾಡಬೇಡಿ. ಗೆರೆ ಎಲ್ಲ ಬಿರುಕಲ್ಲ, ಬಿರುಕು ಎಲ್ಲ ದೋಷವೂ ಅಲ್ಲ. ಎಷ್ಟೋ ಕಲ್ಲುಗಳಲ್ಲಿ ಹಳೆಯ ಬಿರುಕಿನೊಳಗೆ ಸಿಲಿಕಾ ತುಂಬಿ ಮತ್ತೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಇದನ್ನು ಕೂಡಿಕೊಂಡ ಬಿರುಕು ಅನ್ನೋಣ. ಅದು ಸುತ್ತಲಿನ ಕಲ್ಲಿನಷ್ಟೇ ಹೊಳಪು ಹಿಡಿಯುತ್ತದೆ. ಎಷ್ಟೋ ಜಾಸ್ಪರ್‌ಗಳಿಗೆ ಅಂದ ಕೊಡುವುದೇ ಆ ಬಿಳಿ ಗೆರೆಗಳು. ಹಾಗಾದರೆ ಯಾವುದು ಕೂಡಿದೆ, ಯಾವುದು ತೆರೆದಿದೆ ಅಂತ ತಿಳಿಯುವುದು ಹೇಗೆ? ಈ ಕ್ರಮದಲ್ಲಿ ನೋಡಿ.

ಉಗುರು. ಗೆರೆಗೆ ಅಡ್ಡಲಾಗಿ ಉಗುರು ಎಳೆಯಿರಿ. ಸಿಕ್ಕಿಕೊಂಡರೆ ತೆರೆದ ಬಿರುಕು. ಎರಡೂ ಮುಖದಲ್ಲಿ ಮಾಡಿ.

ಆಲ್ಕೋಹಾಲ್. ಮೊದಲೇ ಎಚ್ಚರಿಕೆ, ಹತ್ತಿರ ಬೆಂಕಿ ಇರಬಾರದು. ಬಟ್ಟೆಯಲ್ಲಿ ಅದ್ದಿ ಸ್ಲ್ಯಾಬಿನ ಮೇಲೆ ಸವರಿ. ನೀರಿಗಿಂತ ಬೇಗ ಆರುತ್ತದೆ. ಮುಖ ಎಲ್ಲ ಒಣಗಿದ ಮೇಲೂ ಗೆರೆ ಒದ್ದೆಯಾಗಿ ಉಳಿದರೆ ಅದು ತೆರೆದದ್ದು. ಕೂಡಿಕೊಂಡ ಗೆರೆ ಮುಖದ ಜತೆಗೇ ಒಣಗುತ್ತದೆ. ನನ್ನ ಮಟ್ಟಿಗೆ ಅತಿ ನಂಬಿಕೆಯ ಪರೀಕ್ಷೆ ಇದು.

ಬೆಳಕು. ಕತ್ತಲ ಕೋಣೆಯಲ್ಲಿ ಅಗೇಟ್ ಸ್ಲ್ಯಾಬಿನ ಅಂಚಿಗೆ ಟಾರ್ಚ್ ತಾಗಿಸಿ ಹಿಡಿಯಿರಿ. ಬೆಳಕು ಹರಡುತ್ತಾ ಹೋಗಿ ಒಂದು ಗೆರೆಯ ಹತ್ತಿರ ಥಟ್ಟನೆ ನಿಂತರೆ ಅಲ್ಲಿ ಗಾಳಿ ಇದೆ, ಅಂದರೆ ಬಿರುಕು ತೆರೆದಿದೆ. ಸ್ಫಟಿಕದಂಥ ಪಾರದರ್ಶಕ ಕಲ್ಲಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೂ ಅದೇ ಅರ್ಥ. ಚೆಂದ ಕಾಣುತ್ತದೆ, ಆದರೆ ಅದು ಬಿರುಕು. ಜಾಸ್ಪರ್‌ನಲ್ಲಿ ಬೆಳಕು ದಾಟುವುದಿಲ್ಲ. ಅದಕ್ಕೆ ಟಾರ್ಚನ್ನು ಮೇಲ್ಮೈಗೆ ತೀರ ಓರೆಯಾಗಿ ಹಿಡಿದು ಭೂತಕನ್ನಡಿಯಲ್ಲಿ ನೋಡಿ.

ಸದ್ದು. ಸ್ಲ್ಯಾಬನ್ನು ಎರಡು ಬೆರಳ ತುದಿಯಲ್ಲಿ ತೂಗಾಡುವ ಹಾಗೆ ಹಿಡಿದು ಪೆನ್ಸಿಲಿನಿಂದ ತಟ್ಟಿ. ಗಟ್ಟಿ ಸ್ಲ್ಯಾಬ್ ಗಂಟೆಯಂತೆ ನುಡಿಯುತ್ತದೆ. ಒಡಕು ದನಿ ಬಂದರೆ ಎಲ್ಲೋ ಬಿಟ್ಟಿದೆ.

ಬಾಗಿಸುವುದು. ಇದು ಕೊನೆಗೆ, ಬೇರೆಲ್ಲ ಮುಗಿದ ಮೇಲೆ. ಕನ್ನಡಕ ಹಾಕಿ, ಬಟ್ಟೆ ಹಾಸಿದ ಮೇಜಿನ ಮೇಲೆ ಎರಡು ಕೈಯಲ್ಲಿ ಹಿಡಿದು ಅನುಮಾನದ ಗೆರೆಯ ಎರಡೂ ಬದಿಗೆ ಹೆಬ್ಬೆರಳಿಟ್ಟು ಹದವಾಗಿ ಒತ್ತಿ. ಮುರಿದರೆ ಮುರಿಯಲಿ. ಎರಡು ಗಂಟೆ ಸಾಣೆ ಹಿಡಿದ ಮೇಲೆ ಮುರಿಯುವ ಬದಲು ಈಗಲೇ ಮುರಿಯುವುದು ವಾಸಿ ಅಲ್ವಾ?

ಗೆರೆಯಲ್ಲಿ ತುಕ್ಕಿನ ಬಣ್ಣ ಕಂಡರೆ ಜಾಸ್ತಿ ಹುಷಾರಾಗಿರಿ. ಒಂದು ಕಾಲದಲ್ಲಿ ನೀರು ಓಡಾಡಿದ ದಾರಿ ಅದು. ಕಬ್ಬಿಣದ ತುಕ್ಕು ತುಂಬಿರುತ್ತದೆ, ಆದರೆ ಬೆಸುಗೆ ಗಟ್ಟಿ ಇರುವುದಿಲ್ಲ. ಮುರಿಯದಿದ್ದರೂ ಪಾಲಿಶ್ ಮಾಡುವಾಗ ಆ ಗೆರೆ ಮಾತ್ರ ತಗ್ಗಾಗುತ್ತದೆ.

7. ಇಟ್ಟುಕೊಳ್ಳುವುದೋ, ಸರಿಪಡಿಸುವುದೋ?

ತೆರೆದ ಬಿರುಕು ಸ್ಲ್ಯಾಬಿನ ಒಂದು ಮೂಲೆಯಲ್ಲಿದ್ದರೆ ಆ ಮೂಲೆ ಬಿಟ್ಟು ಉಳಿದದ್ದು ಬಳಸಿ. ನಡುವೆ ಹಾದುಹೋಗಿದ್ದರೆ ಆ ಗೆರೆಯಲ್ಲೇ ಮುರಿದು ಎರಡು ಚಿಕ್ಕ ಹರಳು ಮಾಡಿ. ನಾನು ಮೊದಲು ಯೋಚಿಸುವುದು ಇದನ್ನೇ.

ಬಹಳ ಒಳ್ಳೆಯ ಚಿತ್ತಾರ, ಬಿಡಲು ಮನಸ್ಸಿಲ್ಲ ಅಂದರೆ ಅಂಟು ಕುಡಿಸಬಹುದು. ಎಣ್ಣೆ ಒಂದು ಹನಿ ಉಳಿದಿದ್ದರೂ ಅಂಟು ಹಿಡಿಯುವುದಿಲ್ಲ, ಅದಕ್ಕೆ 5ನೇ ಹಂತ ಅಷ್ಟು ಮುಖ್ಯ. ಸ್ಲ್ಯಾಬನ್ನು ಸ್ವಲ್ಪ ಬೆಚ್ಚಗೆ ಮಾಡಿ, ನೀರಿನಷ್ಟು ತೆಳ್ಳಗಿನ ಸೂಪರ್ ಗ್ಲೂ ಗೆರೆಯ ಮೇಲೆ ಹನಿಸಿದರೆ ಬಿರುಕು ತಾನೇ ಎಳೆದುಕೊಳ್ಳುತ್ತದೆ. ಕಿಟಕಿ ತೆರೆದಿಟ್ಟು ಮಾಡಿ, ಹೊಗೆ ಕಣ್ಣಿಗೆ ಉರಿ. ಅಗಲ ಬಿರುಕಿಗೆ ಎಪಾಕ್ಸಿ ವಾಸಿ, ಒಂದು ದಿನ ಅಲ್ಲಾಡಿಸದೆ ಬಿಡಬೇಕು. ತೆಳು ಸ್ಲ್ಯಾಬಿಗೆ ಕೆಳಗೆ ಇನ್ನೊಂದು ಗಟ್ಟಿ ಕಲ್ಲಿನ ಪದರವನ್ನು ಎಪಾಕ್ಸಿಯಿಂದ ಕೂರಿಸಬಹುದು. ಅಂಟು ಹಾಕಿದ ಹರಳನ್ನು ಬಿಸಿ ಮೇಣದಿಂದ ಕಡ್ಡಿಗೆ ಕೂರಿಸಬೇಡಿ, ಅಂಟು ಬಿಡುತ್ತದೆ. ಇಂಥ ಹರಳನ್ನು ಯಾರಿಗಾದರೂ ಕೊಡುವಾಗ ಅಂಟು ಹಾಕಿದೆ ಅಂತ ಹೇಳಿಯೇ ಕೊಡಿ.

ಬಿರುಕುಗಳು ಬಲೆಯ ಹಾಗೆ ಹೆಣೆದುಕೊಂಡಿದ್ದರೆ ಅಂಟಿನ ಪ್ರಯತ್ನವೂ ಬೇಡ.

8. ಗೆರೆ ಎಳೆದು ಟ್ರಿಮ್ ಮಾಡುವುದು

ಪೆನ್ಸಿಲ್ ಗೆರೆ ನೀರಿಗೆ ಅಳಿಸಿಹೋಗುತ್ತದೆ. ಅಲ್ಯೂಮಿನಿಯಂ ಕಡ್ಡಿಯಲ್ಲಿ ಎಳೆದ ಗೆರೆ ನಿಲ್ಲುತ್ತದೆ, ಗಾಢ ಬಣ್ಣದ ಕಲ್ಲಿಗೆ ಹಿತ್ತಾಳೆ ಚೆನ್ನಾಗಿ ಕಾಣುತ್ತದೆ. ಗೆರೆ ಎಳೆಯುವ ಮುಂಚೆ ಆಲ್ಕೋಹಾಲ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಹರಳಿನ ಆಕಾರ ಕೊರೆದ ಅಚ್ಚುಹಲಗೆಯನ್ನು ಸ್ಲ್ಯಾಬಿನ ಮೇಲೆ ಸರಿಸಾಡಿಸುತ್ತಾ ಜಾಗ ಹುಡುಕಿ. ಕೂಡಿಕೊಂಡ ಗೆರೆ ಹರಳಿನ ನಡುವೆ ಬಂದರೆ ತೊಂದರೆ ಇಲ್ಲ. ತೆರೆದದ್ದು ಅಂಚಿಗೂ ಬರಬಾರದು, ಯಾಕೆಂದರೆ ಲೋಹದ ಅಂಚು ಮಡಚಿ ಕೂರಿಸುವಾಗ ಒತ್ತಡ ಬೀಳುವುದು ಅಲ್ಲಿಗೇ.

ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ಯಿರಿ. ಟ್ರಿಮ್ ಗರಗಸ ನೇರಕ್ಕೆ ಮಾತ್ರ ಹೋಗುತ್ತದೆ. ಬ್ಲೇಡ್ ಒಳಗಿರುವಾಗ ಸ್ಲ್ಯಾಬನ್ನು ತಿರುಗಿಸಿದರೆ ತೆಳು ಬ್ಲೇಡ್ ಸೊಟ್ಟಾಗುತ್ತದೆ, ಸ್ಲ್ಯಾಬೂ ಮುರಿಯುತ್ತದೆ. ಮೊಟ್ಟೆಯಾಕಾರ ಬೇಕಾದರೆ ಮೊದಲು ಚೌಕ, ಆಮೇಲೆ ನಾಲ್ಕು ಮೂಲೆ, ಉಳಿದದ್ದು ಸಾಣೆಗೆ. ಸ್ಲ್ಯಾಬ್ ಮೇಜಿಗೆ ಪೂರ್ತಿ ಒರಗಿರಲಿ, ಕೊನೆಗೆ ಒತ್ತಡ ಸಡಿಲಿಸಿ. ಇಲ್ಲದಿದ್ದರೆ ಬ್ಲೇಡ್ ಹೊರಬರುವ ಕಡೆ ಚಕ್ಕೆ ಏಳುತ್ತದೆ.

ಉಳಿದ ತುಂಡುಗಳ ಹಿಂದೆ ಕಲ್ಲಿನ ಹೆಸರು, ಎಣ್ಣೆಯಲ್ಲಿ ಕೊಯ್ದದ್ದೋ ನೀರಿನಲ್ಲೋ, ಅಂಟು ಹಾಕಿದೆಯೋ ಇಲ್ಲವೋ ಅಂತ ಬರೆದಿಡಿ. ಸ್ಲ್ಯಾಬುಗಳನ್ನು ಒಂದರ ಮೇಲೊಂದು ಪೇರಿಸದೆ ನಡುವೆ ಕಾಗದ ಕೊಟ್ಟು ನಿಲ್ಲಿಸಿ ಇಡಿ.